ಬಾಡಿಗೆ ಮನೆಯ ಹೊಸ್ತಿಲು: ಕಾಯ್ದೆ, ಕರಾರು ಮತ್ತು ಜಾತಿ

1

ದೇವಸ್ಥಾನದ ಬಾಗಿಲು, ಕೆರೆಯ ಮೆಟ್ಟಿಲು, ಹೋಟೆಲಿನ ಲೋಟ. ಅಸ್ಪೃಶ್ಯತೆಯ ಚರಿತ್ರೆ ಬರೆಯಲು ಕೂತಾಗಲೆಲ್ಲ ನಾವು ಹೋಗಿ ನಿಲ್ಲುವ ಜಾಗಗಳಿವು. ಬಾಡಿಗೆ ಮನೆಯ ಬಾಗಿಲ ಬಗ್ಗೆ ನಾವು ಬರೆದದ್ದು ಕಡಿಮೆ. ಅದಕ್ಕೆ ಕಾರಣ ಇಲ್ಲದಿಲ್ಲ. ಕೆರೆ, ದೇವಸ್ಥಾನ ಊರಿನವು. ಅಲ್ಲಿ ತಡೆದರೆ ಅದು ಹತ್ತು ಜನರೆದುರು ಆಗುವ ಅವಮಾನ. ಅದರ ವಿರುದ್ಧ ಸತ್ಯಾಗ್ರಹ ಮಾಡಬಹುದು, ಮೆರವಣಿಗೆ ತೆಗೆಯಬಹುದು. ಮಹಾಡದ ಚೌಡಾರ್ ಕೆರೆಗೆ 1927ರಲ್ಲಿ ಸಾವಿರಾರು ಜನ ನಡೆದು ಹೋದರು. ಬಾಡಿಗೆ ಮನೆಗೆ ಯಾರೂ ಹಾಗೆ ಗುಂಪು ಕಟ್ಟಿಕೊಂಡು ಹೋಗುವುದಿಲ್ಲ. ಗಂಡ, ಹೆಂಡತಿ, ಜೊತೆಗೊಬ್ಬ ಬ್ರೋಕರು. ಸಂಜೆ ಹೊತ್ತು, ಗೇಟಿನ ಹತ್ತಿರ, ಮೆಲುದನಿಯಲ್ಲಿ ಒಂದು ಪ್ರಶ್ನೆ: 'ತಾವು ಯಾವ ಜನ?' ಉತ್ತರ ಕೇಳಿದ ಮೇಲೆ ಇನ್ನೂ ಮೆಲುದನಿಯಲ್ಲಿ ಒಂದು ಮಾತು: 'ನಮ್ಮ ತಂಗಿ ಮಗ ಬರ್ತೀನಿ ಅಂದಿದಾನೆ, ಆಮೇಲೆ ಹೇಳಿ ಕಳಿಸ್ತೀವಿ.' ಅಷ್ಟೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಬರೆಸೋದಾದರೂ ಏನನ್ನ?

ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ವರ್ಗವಾದ ಊರುಗಳಲ್ಲಿ ಅವರಿಗೆ ಮನೆ ಸಿಕ್ಕಿದ್ದು ಒಂದೇ ಒಂದು ಕಡೆ, ಅದೂ ಕೇರಿಯಲ್ಲಿ, ಒಬ್ಬರ ಹಟ್ಟಿಯ ಪಡಸಾಲೆ. ಉಳಿದ ಕಡೆಗೆಲ್ಲ ಸೈಕಲ್ಲು ತುಳಿದರು. 'ಮೇಷ್ಟ್ರು ಊರಲ್ಲಿ ನಿಲ್ಲೋದಿಲ್ಲ, ದಿನಾ ಓಡಿ ಹೋಗ್ತಾರೆ' ಎಂದು ಊರಿನವರೇ ಮೇಲಧಿಕಾರಿಗೆ ಅರ್ಜಿ ಹಾಕಿದ್ದರು. ಮನೆ ಕೊಡದವರೂ ಅವರೇ, ನಿಲ್ಲೋದಿಲ್ಲ ಎಂದು ದೂರಿದವರೂ ಅವರೇ. ಈ ಅರ್ಜಿ ಇಲಾಖೆಯ ಯಾವುದೋ ಫೈಲಿನಲ್ಲಿ ಇದ್ದರೂ ಇರಬಹುದು. ಮನೆ ಕೊಡದ ಸಂಗತಿ ಮಾತ್ರ ಯಾವ ಫೈಲಿನಲ್ಲೂ ಇರಲಾರದು. ಚರಿತ್ರೆ ಬರೆಯುವವರು ಕಾಗದವನ್ನು ನಂಬುತ್ತಾರೆ. ಬಾಡಿಗೆ ಮನೆಯ ಜಾತಿಗೆ ಕಾಗದ ಇಲ್ಲ. ಹಾಗಾಗಿ ಅದಕ್ಕೆ ಚರಿತ್ರೆಯೂ ಇಲ್ಲವೆಂಬಂತೆ ಆಗಿದೆ. ಈ ಲೇಖನ ಆ ಕಾಗದ ಇಲ್ಲದ ಚರಿತ್ರೆಯನ್ನು ಇರುವ ಕಾಗದಗಳ ಸಂದಿಯಲ್ಲಿ ಹುಡುಕುವ ಒಂದು ಪ್ರಯತ್ನ.

2

ಕಾಗದ ಇರುವ ಒಂದು ಪ್ರಸಂಗದಿಂದಲೇ ಶುರು ಮಾಡೋಣ. 1917ರಲ್ಲಿ ಅಂಬೇಡ್ಕರ್ ವಿದೇಶದಿಂದ ಮರಳಿ, ವಿದ್ಯಾರ್ಥಿವೇತನದ ಕರಾರಿನಂತೆ ಬರೋಡಾ ಸಂಸ್ಥಾನದ ನೌಕರಿಗೆ ಬಂದರು. ಇಳಿದುಕೊಳ್ಳಲು ಜಾಗವಿಲ್ಲ. ಹಿಂದೂ ಹೋಟೆಲುಗಳಲ್ಲಿ ಸೇರಿಸುವುದಿಲ್ಲವೆಂದು ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಪಾರ್ಸಿಗಳಿಗೆ ಮಾತ್ರ ಎಂಬುದು ಅಲ್ಲಿನ ನಿಯಮ. ಅಲ್ಲಿನ ಮೇಲ್ವಿಚಾರಕನಿಗೆ ಇವರು ಪಾರ್ಸಿ ಅಲ್ಲವೆಂದು ತಿಳಿದುಹೋಯಿತು. ಆದರೆ ಬೇರೆ ಯಾರೂ ಗಿರಾಕಿಗಳಿರಲಿಲ್ಲ. ದಿನಕ್ಕೆ ಒಂದೂವರೆ ರೂಪಾಯಿ ಬರುತ್ತದಲ್ಲ ಎಂದು ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆದುಕೊಂಡು ಒಳಗೆ ಬಿಟ್ಟ. ಹನ್ನೊಂದನೆಯ ದಿನ ಹತ್ತು ಹನ್ನೆರಡು ಮಂದಿ ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕು ಎಂದರು. ಅಂಬೇಡ್ಕರ್ ಒಂದು ವಾರದಷ್ಟು ಕಾಲ ಕೇಳಿದರು, ಕೊಡಲಿಲ್ಲ. ಒಬ್ಬ ಹಿಂದೂ ಸ್ನೇಹಿತನನ್ನು ಕೇಳಿದರು; ನೀವು ಬಂದರೆ ನಮ್ಮ ಆಳುಗಳು ಬಿಟ್ಟು ಹೋಗುತ್ತಾರೆ ಎಂಬುದು ಅವನ ಉತ್ತರ. ಒಬ್ಬ ಕ್ರೈಸ್ತ ಸ್ನೇಹಿತನನ್ನು ಕೇಳಿದರು. ಹೆಂಡತಿಯನ್ನು ಕೇಳಬೇಕು ಎಂದ. ಅವನು ಮತಾಂತರಕ್ಕೆ ಮುಂಚೆ ಬ್ರಾಹ್ಮಣ. ಕೊನೆಗೆ ಪಾರ್ಕೊಂದರಲ್ಲಿ ಕೂತಿದ್ದು ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು. 1935-36ರ ಹೊತ್ತಿಗೆ ಅವರೇ ಬರೆದಿಟ್ಟ ಆತ್ಮಕಥನದ ತುಣುಕುಗಳಲ್ಲಿ ಇದೆಲ್ಲ ಇದೆ.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಕಣ್ಣೀರಿನಿಂದ ಓದುತ್ತೇವೆ. ಅದನ್ನು ಲೆಕ್ಕದಿಂದಲೂ ಓದಬೇಕು. ಇಲ್ಲಿ ಎರಡು ಶಕ್ತಿಗಳಿವೆ. ಒಂದು, ಒಂದೂವರೆ ರೂಪಾಯಿ. ಇನ್ನೊಂದು, ದೊಣ್ಣೆ. ದುಡ್ಡು ಬಾಗಿಲು ತೆರೆಯಿತು, ಸಮುದಾಯ ಬಾಗಿಲು ಮುಚ್ಚಿತು. ಪೇಟೆ ಬೆಳೆದ ಹಾಗೆ ಜಾತಿ ತಾನಾಗಿ ಕರಗುತ್ತದೆ, ದುಡ್ಡಿಗೆ ಮಡಿಯಿಲ್ಲ ಎಂದು ವಾದಿಸುವವರು ಇವತ್ತೂ ಇದ್ದಾರೆ. ಬರೋಡಾದ ಹನ್ನೊಂದು ದಿನಗಳು ಆ ವಾದಕ್ಕೆ ಉತ್ತರ. ಬಾಡಿಗೆಯ ಆಸೆಗೆ ಒಬ್ಬ ಮಾಲೀಕ ನಿಯಮ ಮುರಿಯಬಹುದು. ಆದರೆ ಅವನು ಒಬ್ಬನೇ ಮಾಲೀಕನಲ್ಲ. ಅವನ ಹಿಂದೆ ಬೀದಿ ಇದೆ, ಕುಲ ಇದೆ, ನಾಳೆ ಅವನ ಮಗಳಿಗೆ ಗಂಡು ತರಬೇಕಾದ ನೆಂಟರಿದ್ದಾರೆ. ಹಾಗೆಯೇ ಇನ್ನೊಂದು ಸಂಗತಿ. ಅಂಬೇಡ್ಕರ್ ಅಲ್ಲಿ ಉಳಿದದ್ದು ಬೇರೊಂದು ಹೆಸರಿನಲ್ಲಿ. ಹೆಸರು ಮುಚ್ಚಿಡುವುದು ದಲಿತ ಬಾಡಿಗೆದಾರನ ಮೊದಲ ಬಾಡಿಗೆ. ಅದನ್ನು ಅವನು ಅಡ್ವಾನ್ಸಿಗೂ ಮುಂಚೆ ಕಟ್ಟುತ್ತಾನೆ, ಅದು ವಾಪಸು ಬರುವುದಿಲ್ಲ.

3

ಈಗ ನಮ್ಮ ಬೆಂಗಳೂರಿಗೆ ಬರೋಣ. 1898ರಲ್ಲಿ ಇಲ್ಲಿ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಬೇಕೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ರೂಪಿಸಿದರು. ಅಗಲವಾದ ರಸ್ತೆ, ಗಾಳಿ ಬೆಳಕು, ಚರಂಡಿ: ಎಲ್ಲವೂ ಹೊಸ ವಿಜ್ಞಾನದ ಪ್ರಕಾರ. ನಿವೇಶನಗಳ ವಿಂಗಡಣೆ ಮಾತ್ರ ಹಳೆಯ ಶಾಸ್ತ್ರದ ಪ್ರಕಾರ, ಜಾತಿವಾರು. ರೋಗಾಣುವಿಗೆ ಜಾತಿ ಇಲ್ಲವೆಂದು ತಿಳಿದವರೇ ರಸ್ತೆಗೆ ಜಾತಿ ಕೊಟ್ಟರು. ಆಧುನಿಕತೆ ನಮ್ಮಲ್ಲಿಗೆ ಬಂದ ಬಗೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮುಂದೆ ಈ ಬಡಾವಣೆಗಳಲ್ಲಿ ಸೈಟು ಪಡೆದವರ ಮಕ್ಕಳು ಹಿತ್ತಿಲಲ್ಲಿ ಸಾಲು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಾಗ, ಆ ಬಾಡಿಗೆಯ ಪೇಟೆ ಮೊದಲೇ ಗೆರೆ ಎಳೆದ ನೆಲದ ಮೇಲೆ ನಿಂತಿತ್ತು. ನೂರು ವರ್ಷದ ಮೇಲೂ ಆ ಗೆರೆ ಅಳಿಸಿಲ್ಲ. 2001ರ ಜನಗಣತಿಯ ವಾರ್ಡುವಾರು ಅಂಕಿಗಳನ್ನು ಇಟ್ಟುಕೊಂಡು ಬೆಂಗಳೂರೂ ಸೇರಿದಂತೆ ದೇಶದ ಏಳು ದೊಡ್ಡ ನಗರಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಈ ನಗರಗಳಲ್ಲಿ ಜನರನ್ನು ಬೇರೆ ಬೇರೆ ಕಡೆ ಇರಿಸಿರುವುದರಲ್ಲಿ ಬಡವ-ಶ್ರೀಮಂತ ಎಂಬ ಭೇದಕ್ಕಿಂತ ಜಾತಿಯ ಭೇದವೇ ಹೆಚ್ಚು ಎಂಬುದು ಅದರ ತಿರುಳು.

ಆ ಸಾಲು ಮನೆಗಳೇ ವಠಾರ. ಒಂದು ನಲ್ಲಿ, ಒಂದು ಕಕ್ಕಸು, ಎಂಟು ಸಂಸಾರ. ಕನ್ನಡದ ಮಧ್ಯಮವರ್ಗದ ಹಾಸ್ಯ ಅರ್ಧಕ್ಕರ್ಧ ಹುಟ್ಟಿದ್ದು ಈ ವಠಾರದಲ್ಲಿ. 1990ರಲ್ಲಿ ಬಂದ 'ಗಣೇಶನ ಮದುವೆ' ಸಿನಿಮಾವನ್ನು ನಾವೆಲ್ಲ ನೋಡಿ ನಕ್ಕಿದ್ದೇವೆ. ಜಿಪುಣ ಮಾಲೀಕ, ಜಗಳಗಂಟ ಬಾಡಿಗೆದಾರ. ನಾನೂ ನಕ್ಕಿದ್ದೇನೆ, ಈಗಲೂ ನಗುತ್ತೇನೆ. ಆದರೆ ದಲಿತ ವಿಮರ್ಶೆ ಒಂದು ಕೃತಿಯಲ್ಲಿ ಇರುವುದನ್ನು ಮಾತ್ರ ಓದಿದರೆ ಸಾಲದು. ಅಲ್ಲಿ ಯಾರು ಇಲ್ಲ ಎಂಬುದನ್ನೂ ಓದಬೇಕು. ಮಾಲೀಕ ಮತ್ತು ಬಾಡಿಗೆದಾರ ನಲ್ಲಿ ನೀರಿಗೆ ಜಗಳ ಆಡಬೇಕಾದರೆ ಮೊದಲು ಇಬ್ಬರೂ ಒಂದೇ ನಲ್ಲಿಯನ್ನು ಮುಟ್ಟಬಹುದಾದ ಜನ ಆಗಿರಬೇಕು. ಆ ಜಗಳವೇ ಒಂದು ಸವಲತ್ತು. ವಠಾರದ ನಗೆ ಶುರುವಾಗುವ ಮುಂಚೆಯೇ ಗೇಟಿನಲ್ಲಿ ಒಂದು ಆಯ್ಕೆ ಮುಗಿದಿರುತ್ತದೆ. ಆ ಆಯ್ಕೆಯನ್ನು ನಮ್ಮ ಹಾಸ್ಯ ಸಾಹಿತ್ಯ ತೋರಿಸಿದ್ದು ತೀರಾ ಅಪರೂಪ.

ಹಾಗಾದರೆ ದಲಿತರು ನಗರಕ್ಕೆ ಬಂದು ಎಲ್ಲಿದ್ದರು? ಮೂರು ಕಡೆ ಎಂದು ಸ್ಥೂಲವಾಗಿ ಹೇಳಬಹುದು. ಲೈನು, ಹಾಸ್ಟೆಲ್ಲು, ಕ್ವಾರ್ಟರ್ಸು. ಕೋಲಾರದ ಚಿನ್ನದ ಗಣಿಯಲ್ಲಿ ಕಂಪನಿ ತಟ್ಟಿ ಗುಡಿಸಲುಗಳ ಸಾಲು ಕಟ್ಟಿತು. ಅಲ್ಲಿ ದುಡಿಯಲು ಬಂದವರಲ್ಲಿ ಬಹುಪಾಲು ತಮಿಳು ಸೀಮೆಯ ದಲಿತರು. ಊರಿನ ಗೌಡನ ಕಣ್ಣಿನಿಂದ ತಪ್ಪಿಸಿಕೊಂಡು ಬಂದವರಿಗೆ ಆ ಗುಡಿಸಲೂ ಒಂದು ಬಿಡುಗಡೆ. ಆದರೆ ಮನೆ ಕೊಟ್ಟವನೂ ಕೂಲಿ ಕೊಟ್ಟವನೂ ಒಬ್ಬನೇ ಆದಾಗ ಏನಾಗುತ್ತದೆ? ಕೆಲಸ ಹೋದ ದಿನ ಸೂರೂ ಅಲುಗಾಡುತ್ತದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಅಜ್ಜನ ಕಾಲದಿಂದ ಇದ್ದ ಮನೆಗಳಲ್ಲಿ ಮೊಮ್ಮಕ್ಕಳು ಇದು ನಮ್ಮದೋ ಅಲ್ಲವೋ ಎಂದು ಕೇಳುತ್ತ ಕೂರಬೇಕಾಯಿತು. ಅವರು ಮಾಲೀಕರೂ ಅಲ್ಲ, ಕಾಯ್ದೆಯ ಅರ್ಥದಲ್ಲಿ ಬಾಡಿಗೆದಾರರೂ ಅಲ್ಲ.

ಹಾಸ್ಟೆಲ್ಲಿನ ಮಾತು ಬೇರೆ. ಕನ್ನಡದ ದಲಿತ ಸಾಹಿತ್ಯ ಮತ್ತು ದಲಿತ ಚಳವಳಿ ಹಾಸ್ಟೆಲ್ಲಿನ ಮಂಚ, ಮುದ್ದೆ, ಸಾರುಗಳಿಗೆ ಋಣಿ. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಧ್ಯಮವರ್ಗದ ಬರಹಗಾರನಿಗೆ ವಠಾರ ಹೇಗೋ ನಮಗೆ ಹಾಸ್ಟೆಲ್ಲು ಹಾಗೆ. ಅಲ್ಲಿ ಯಾರೂ ಜಾತಿ ಕೇಳಲಿಲ್ಲ, ಏಕೆಂದರೆ ಜಾತಿ ಸರ್ಟಿಫಿಕೇಟು ಕೊಟ್ಟೇ ಒಳಗೆ ಬಂದಿದ್ದೆವು. ಹೆದರಿಕೆ ಶುರುವಾಗುತ್ತಿದ್ದುದು ಡಿಗ್ರಿ ಮುಗಿದು ಹಾಸ್ಟೆಲ್ಲು ಬಿಡುವ ದಿನ. ನೌಕರಿ ಸಿಕ್ಕವರು ಮೊದಲು ಕ್ವಾರ್ಟರ್ಸಿಗೆ ಅರ್ಜಿ ಹಾಕಿದರು. ಎಸ್ಸಿ ನೌಕರರು ಕ್ವಾರ್ಟರ್ಸಿಗೆ ಯಾಕೆ ಇಷ್ಟು ಒದ್ದಾಡುತ್ತಾರೆ ಎಂದು ಕಚೇರಿಗಳಲ್ಲಿ ನಗುತ್ತಿದ್ದರು. ಬಾಡಿಗೆ ಉಳಿಸುವುದಕ್ಕಲ್ಲ ಸ್ವಾಮಿ, ಪ್ರಶ್ನೆ ಉಳಿಸುವುದಕ್ಕೆ.

4

ಇನ್ನು ಕಾಯ್ದೆಯ ಕಡೆಗೆ. ಮಾಲೀಕ ಮತ್ತು ಬಾಡಿಗೆದಾರರ ಹಕ್ಕು ಬಾಧ್ಯತೆಗಳನ್ನು ಹೇಳುವ ಮೂಲ ಕಾನೂನು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಂ ಓದಿದರೆ ಒಂದು ಚೆಂದದ ನ್ಯಾಯ ಕಾಣುತ್ತದೆ. ಮಾಲೀಕ ಮನೆಯನ್ನು ವಶಕ್ಕೆ ಕೊಡಬೇಕು. ಬಾಡಿಗೆ ಸರಿಯಾಗಿ ಕೊಡುವ ತನಕ ಬಾಡಿಗೆದಾರ ನೆಮ್ಮದಿಯಿಂದ ಇರಲು ಬಿಡಬೇಕು. ಬಾಡಿಗೆದಾರ ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡಬೇಕು, ಮನೆಯನ್ನು ಹಾಳುಗೆಡವಬಾರದು, ಬಿಡುವಾಗ ಇದ್ದ ಹಾಗೇ ಒಪ್ಪಿಸಬೇಕು. ತಿಂಗಳ ಬಾಡಿಗೆಯ ಮನೆ ಬಿಡಿಸಬೇಕಾದರೆ ಹದಿನೈದು ದಿನದ ನೋಟೀಸು ಬೇಕೆಂದು 106ನೆಯ ಕಲಂ ಹೇಳುತ್ತದೆ. 108ರಲ್ಲೇ ಇನ್ನೊಂದು ಮಾತಿದೆ: ಮನೆಯಲ್ಲಿ ಹೊರಗಣ್ಣಿಗೆ ಕಾಣದ ದೊಡ್ಡ ದೋಷವೇನಾದರೂ ಇದ್ದು ಅದು ಮಾಲೀಕನಿಗೆ ಗೊತ್ತಿದ್ದರೆ, ಬಾಡಿಗೆದಾರನಿಗೆ ಅದನ್ನು ಮೊದಲೇ ತಿಳಿಸಬೇಕು.

ಕಾಯ್ದೆಯ ಪ್ರಕಾರ ಗುಟ್ಟಿನ ದೋಷ ಹೇಳಬೇಕಾದವನು ಮಾಲೀಕ. ನಮ್ಮ ಬೀದಿಗಳಲ್ಲಿ ನಡೆಯುವುದು ತಿರುಗುಮುರುಗು. ಮಳೆಗಾಲದಲ್ಲಿ ಸೋರುವ ತಾರಸಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹುಟ್ಟಿನ 'ದೋಷ'ವನ್ನು ಮಾತ್ರ ಬಾಡಿಗೆದಾರ ಗೇಟಿನಲ್ಲೇ ಒಪ್ಪಿಸಬೇಕು.

ಸ್ವಾತಂತ್ರ್ಯ ಬಂದ ಮೇಲೆ ಬಾಡಿಗೆದಾರರ ರಕ್ಷಣೆಗೆ ವಿಶೇಷ ಕಾಯ್ದೆಗಳು ಬಂದವು. ಮೈಸೂರು ರಾಜ್ಯದಲ್ಲಿ 1951ರಲ್ಲಿ ಒಂದು, ಏಕೀಕರಣದ ನಂತರ 1961ರಲ್ಲಿ ಇನ್ನೊಂದು. ನ್ಯಾಯವಾದ ಬಾಡಿಗೆ ಎಷ್ಟೆಂದು ನಿಗದಿ ಮಾಡುವುದು, ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಬಿಡಿಸಬಾರದು ಎನ್ನುವುದು ಇವುಗಳ ಜೀವಾಳ. ಬಾಡಿಗೆ ಬಾಕಿ ಇರಬೇಕು, ಅಥವಾ ಮಾಲೀಕನಿಗೆ ಸ್ವಂತ ವಾಸಕ್ಕೆ ನಿಜವಾಗಿ ಬೇಕಾಗಿರಬೇಕು, ಹೀಗೆ. 1961ರ ಕಾಯ್ದೆಯಲ್ಲಿ ಈಗ ನಾವು ಮರೆತಿರುವ ಇನ್ನೊಂದು ಅಂಶವಿತ್ತು. ಮನೆ ಖಾಲಿಯಾದರೆ ಮಾಲೀಕ ಹದಿನೈದು ದಿನದೊಳಗೆ ಕಂಟ್ರೋಲರಿಗೆ ತಿಳಿಸಬೇಕು. ಅದನ್ನು ಯಾರಿಗೆ ಬಾಡಿಗೆಗೆ ಕೊಡಬೇಕೆಂದು ಕಂಟ್ರೋಲರ್ ಆದೇಶ ಮಾಡಬಹುದಾಗಿತ್ತು.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಖಾಸಗಿ ಮನೆಯ ಹೊಸ್ತಿಲಿಗೆ ಸರ್ಕಾರ ಬಂದು ನಿಂತಿತ್ತು. 'ಯಾವ ಜನ' ಎಂದು ಕೇಳುವ ಅಧಿಕಾರ ಮಾಲೀಕನ ಕೈಯಿಂದ ಜಾರಿ, 'ಅರ್ಜಿ ಕ್ರಮದಲ್ಲಿದೆಯೇ' ಎಂದು ಕೇಳುವವನ ಕೈಗೆ ಹೋಗಬಹುದಿತ್ತು. ಅದು ಆ ಕಾಯ್ದೆಯ ಉದ್ದೇಶವಾಗಿರಲಿಲ್ಲ ನಿಜ. ಮನೆಗಳ ಅಭಾವ ನೀಗಿಸುವುದು ಅದರ ಉದ್ದೇಶ. ಮಾಲೀಕರು ಖಾಲಿ ಮನೆಯ ಸುದ್ದಿ ಮುಚ್ಚಿಟ್ಟು ಬೇಕಾದವರಿಗೆ ಕೊಟ್ಟುಕೊಳ್ಳುತ್ತಿದ್ದರು ಎನ್ನುವುದೂ ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೂ ಕಾಯ್ದೆಯ ಒಳಗೆ ಒಂದು ಕಿಂಡಿ ಇತ್ತು. ಆ ಕಿಂಡಿಯನ್ನು ಅಗಲ ಮಾಡಿ ಎಂದು ನಮ್ಮ ಚಳವಳಿ ಕೇಳಬಹುದಿತ್ತು. ನಾವು ಭೂಮಿ ಕೇಳಿದೆವು, ಸೈಟು ಕೇಳಿದೆವು, ಬಾಡಿಗೆ ಮನೆ ಕೇಳಲಿಲ್ಲ. ಬಾಡಿಗೆ ಮನೆಯನ್ನು ನಾವೂ ಖಾಸಗಿ ವಿಷಯ ಎಂದೇ ತಿಳಿದಿದ್ದೆವು.

1974ರ ಭೂಸುಧಾರಣೆಯ ತಿದ್ದುಪಡಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಉಳುವವನೇ ಹೊಲದೊಡೆಯ ಎಂದಾಗ ಗೇಣಿದಾರರು ಒಡೆಯರಾದರು. ದಲಿತರಲ್ಲಿ ಬಹುಮಂದಿ ಗೇಣಿದಾರರಾಗಿರಲೇ ಇಲ್ಲ, ಕೂಲಿಗಳಾಗಿದ್ದರು, ಜೀತಗಾರರಾಗಿದ್ದರು. ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕೂಲಿಗೆ ಆ ಗುಡಿಸಲಿನ ಹಕ್ಕು ಕೊಡುವ 38ನೆಯ ಕಲಂ ಆ ಕಾಯ್ದೆಯಲ್ಲಿ ಇತ್ತು. ಗೇಣಿಯಷ್ಟು ಅದು ಸುದ್ದಿಯಾಗಲಿಲ್ಲ. ವಾಸಿಸುವವರಿಗೇ ಮನೆಯ ಒಡೆತನ ಎಂಬ ಮಾತು ದೊಡ್ಡದಾಗಿ ಕೇಳಿದ್ದು 2017ರಲ್ಲಿ, ತಾಂಡಾ, ಹಟ್ಟಿ, ಹಾಡಿ, ದೊಡ್ಡಿಗಳಿಗೆ ಹಕ್ಕುಪತ್ರ ಕೊಡುವ ತಿದ್ದುಪಡಿ ಜಾರಿಗೆ ಬಂದಾಗ. 'ಒಕ್ಕಲು' ಎಂಬ ನಮ್ಮ ಪದ ನೋಡಿ. ವಾಸಕ್ಕೂ ಅದೇ, ಬೇಸಾಯಕ್ಕೂ ಅದೇ, ಒಡೆಯನಿಗೆ ಅಧೀನನಾದವನಿಗೂ ಅದೇ. ಹೊರಗೆ ಹಾಕುವುದಕ್ಕೆ 'ಒಕ್ಕಲೆಬ್ಬಿಸು'. ಕನ್ನಡದಲ್ಲಿ ಇರುವುದಕ್ಕೂ ಎಬ್ಬಿಸುವುದಕ್ಕೂ ನಡುವೆ ಎರಡೇ ಅಕ್ಷರದ ದೂರ ಎಂದು ಕೆಲವೊಮ್ಮೆ ಅನ್ನಿಸುತ್ತದೆ.

5

ಜಾತಿಯ ಕಾರಣಕ್ಕೆ ಮನೆ ನಿರಾಕರಿಸುವುದು ಅಪರಾಧವಲ್ಲವೆ? ಹೌದು, ಅಪರಾಧ. ಎಷ್ಟು ಜನರಿಗೆ ಗೊತ್ತು? ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 19ನೆಯ ವಿಧಿ ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕು ಕೊಟ್ಟಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದು ಬಿಗಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು. ಅದರ 4ನೆಯ ಕಲಂ ಬಾವಿ, ಹೋಟೆಲು, ಧರ್ಮಶಾಲೆಗಳ ಜೊತೆಯಲ್ಲಿ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟುವುದು, ಪಡೆಯುವುದು, ಅದರಲ್ಲಿ ವಾಸಿಸುವುದು ಇವಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದನ್ನೂ ಅಪರಾಧದ ಪಟ್ಟಿಯಲ್ಲಿ ಸೇರಿಸಿದೆ. ಒಂದರಿಂದ ಆರು ತಿಂಗಳ ಸಜೆ, ನೂರರಿಂದ ಐನೂರು ರೂಪಾಯಿ ದಂಡ. 12ನೆಯ ಕಲಂ ಇನ್ನೂ ಮುಖ್ಯ. ಅಪರಾಧವೆನಿಸುವ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣದಿಂದಲೇ ಆಯಿತೆಂದು ಕೋರ್ಟು ಭಾವಿಸಬೇಕು. ಅಲ್ಲವೆಂದು ತೋರಿಸುವ ಭಾರ ಆರೋಪಿಯದು.

ಕಾಗದದ ಮೇಲೆ ಇದು ಗಟ್ಟಿ ಹತಾರ. ಆದರೆ 'ತಂಗಿ ಮಗ' ಎಂಬವನು ಈ ಹತಾರಕ್ಕಿಂತ ಗಟ್ಟಿಗ. ಮನೆ ಬೇರೆಯವರಿಗೆ ಒಪ್ಪಿಕೊಂಡಾಗಿದೆ ಎಂಬ ಒಂದು ಮಾತಿನಿಂದ ಮೊಕದ್ದಮೆ ಅಲ್ಲಾಡುತ್ತದೆ. ನಿರಾಕರಣೆ ನಡೆದೇ ಇಲ್ಲ ಎಂದಾಗ ಕಾರಣದ ಪ್ರಶ್ನೆ ಏಳುವುದೇ ಇಲ್ಲ. ಜೊತೆಗೆ ಮನೆ ಹುಡುಕುವವನಿಗೆ ಬೇಕಾದ್ದು ಮನೆ, ಕೇಸಲ್ಲ. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆ ಶುರು. ಅವನು ಮುಂದಿನ ಬೀದಿಗೆ ಹೋಗುತ್ತಾನೆ.

ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬರುತ್ತದೆ. ನಮ್ಮ ಬಾಡಿಗೆ ಕಾನೂನುಗಳೆಲ್ಲ ಹೊಸ್ತಿಲು ದಾಟಿದವರ ಕಾನೂನುಗಳು. ಒಳಗೆ ಬಂದವನನ್ನು ಹೇಗೆ ನಡೆಸಿಕೊಳ್ಳಬೇಕು, ಹೇಗೆ ಬಿಡಿಸಬೇಕು, ಅವನ ನೀರು ಕರೆಂಟು ಕಡಿಯಬಾರದು, ಅವನು ಒಳಬಾಡಿಗೆ ಕೊಡಬಾರದು. ಇವೆಲ್ಲ ಕರಾರು ಆದ ಮೇಲಿನ ಮಾತು. ಜಾತಿ ಕೆಲಸ ಮಾಡುವುದು ಕರಾರಿಗೆ ಮುಂಚೆ. ಜಾತಿ ಹೊಸ್ತಿಲಿನ ಕಾನೂನು. ಎರಡು ಕಾನೂನುಗಳೂ ಒಂದೇ ಮನೆಯಲ್ಲಿ ಒಂದನ್ನೊಂದು ನೋಡದೆ ಸಂಸಾರ ಮಾಡಿಕೊಂಡಿವೆ.

ಮುಂದೆ ಆದದ್ದೇನು? ರಾಜ್ಯದಲ್ಲಿ 1999ರ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗೆ ಬಿಟ್ಟಿತು. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಒಂದು ಕೋಣೆಯೂ ಸಿಗುವುದು ಕಷ್ಟ. ಅಂದರೆ ಬಹುಪಾಲು ಮನೆಗಳು ಆ ಕಾಯ್ದೆಯ ಆಚೆಗಿವೆ. ಒಂದು ವರ್ಷ ಮೀರಿದರೆ ನೋಂದಣಿ ಬೇಕೆಂದು ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಅಡ್ವಾನ್ಸು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎಂದಿತು, ಲಿಖಿತ ಕರಾರು ಕಡ್ಡಾಯ ಎಂದಿತು. ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಳ್ಳಲೆಂದು ಕೊಟ್ಟ ಆ ಮಾದರಿಯಲ್ಲೂ ಜಾತಿಯ ಕಾರಣಕ್ಕೆ ಮನೆ ನಿರಾಕರಿಸಬಾರದು ಎಂಬ ಒಂದು ಸಾಲಿಲ್ಲ.

ಈ ನಡುವೆ ಪ್ರಶ್ನೆಯ ಭಾಷೆ ಬದಲಾಯಿತು. 'ಯಾವ ಜನ' ಎಂದು ಈಗ ಅಷ್ಟಾಗಿ ಕೇಳುವುದಿಲ್ಲ. 'ವೆಜ್ಜಾ, ನಾನ್‌ವೆಜ್ಜಾ?' ಎನ್ನುತ್ತಾರೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡಿನಲ್ಲೇ ಬರೆಯುತ್ತಾರೆ. ಊಟ ಅವರವರ ಇಷ್ಟ ತಾನೆ ಎಂದು ಕೇಳುವವರ ಮುಖದಲ್ಲಿ ಸಂಕೋಚವೂ ಇರುವುದಿಲ್ಲ. ದೆಹಲಿ ಸುತ್ತಿನ ನಗರಗಳಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಬಾಡಿಗೆ ಮನೆ ಕೇಳಿ ನೋಡಿದರು. ಹೆಸರು ಬದಲಾದಂತೆ ಉತ್ತರವೂ ಬದಲಾಯಿತು. ದಲಿತರಿಗಿಂತಲೂ ಮುಸ್ಲಿಮರಿಗೆ ಹೆಚ್ಚು ಬಾಗಿಲುಗಳು ಮುಚ್ಚಿದವು. 2005ರಲ್ಲಿ ಗುಜರಾತಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತ ಮಾಡುವ ಬೈಲಾ ಸರಿಯೆಂದು ಸುಪ್ರೀಂ ಕೋರ್ಟು ಹೇಳಿತ್ತು. ಸಂಖ್ಯೆ ಕ್ಷೀಣಿಸುತ್ತಿರುವ ಒಂದು ಸಣ್ಣ ಸಮುದಾಯದ ಆತಂಕ ನಮಗೆ ಅರ್ಥವಾಗುತ್ತದೆ. ನನ್ನ ಪ್ರಶ್ನೆ ಆ ಸಮುದಾಯದ್ದಲ್ಲ. ಆ ತೀರ್ಪಿನ ನೆರಳಿನಲ್ಲಿ ಬಲಾಢ್ಯ ಜಾತಿಯ ಸಂಘವೂ ಹಾಯಾಗಿ ಕೂರಬಹುದಲ್ಲ ಎಂಬುದು.

2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರ ಮನೆಗಳನ್ನು ಕೆಡವಿದಾಗ ಇನ್ನೊಂದು ಪಾಠ ಕಲಿತೆವು. ಅಲ್ಲಿದ್ದವರಲ್ಲಿ ದಲಿತರು ಬಹಳ. ಪುನರ್ವಸತಿಯ ಮಾತು ಬಂದಾಗ ಲೆಕ್ಕಕ್ಕೆ ಬಂದವರು ಮೂಲ ಹಂಚಿಕೆದಾರರು. ವರ್ಷಗಟ್ಟಲೆ ಬಾಡಿಗೆ ಕೊಟ್ಟುಕೊಂಡು ಅಲ್ಲೇ ಬದುಕಿದವರು ಲೆಕ್ಕದ ಹೊರಗೆ ಬಿದ್ದರು. ಸ್ಲಮ್ಮಿನಲ್ಲೂ ಮಾಲೀಕರಿದ್ದಾರೆ, ಬಾಡಿಗೆದಾರರಿದ್ದಾರೆ. ಬಡವರು ಎಂಬ ಒಂದೇ ಪದದಲ್ಲಿ ಅವರಿಬ್ಬರನ್ನೂ ಸೇರಿಸಿ ಹೋರಾಟ ಮಾಡಿದರೆ ಕೊನೆಗೆ ಬೀದಿಗೆ ಬರುವವನು ಬಾಡಿಗೆದಾರ.

6

ಇಷ್ಟೆಲ್ಲ ಬರೆದ ಮೇಲೆ ನನ್ನ ಮನೆಯ ಸಂಗತಿಯನ್ನೂ ಹೇಳಬೇಕು. ಹೇಳದಿದ್ದರೆ ಈ ಲೇಖನ ಸುಳ್ಳಾಗುತ್ತದೆ.

ಸಾಲ ಮಾಡಿ ನಾನೂ ಒಂದು ಮನೆ ಕಟ್ಟಿದೆ. ಮೇಲೆ ಎರಡು ಕೋಣೆ, ಬಾಡಿಗೆಗೆ. ಕಂತು ಕಟ್ಟಲು ಅನುಕೂಲ. ಒಂದು ಭಾನುವಾರ ಒಬ್ಬ ಹುಡುಗ ಹೆಂಡತಿ ಜೊತೆ ಬಂದ. ಮಗು ಹೆಗಲ ಮೇಲೆ ಮಲಗಿತ್ತು. ಒಳಚರಂಡಿಯ ಕಾಂಟ್ರ್ಯಾಕ್ಟಿನಲ್ಲಿ ಕೆಲಸ ಅಂದ. ಹೆಸರು ಕೇಳಿದೆ. ಊರು ಕೇಳಿದೆ. ಆಮೇಲೆ ನನ್ನ ಬಾಯಿಂದಲೇ ಬಂತು: 'ಎಡಾನೋ ಬಲಾನೋ?' ಕೇಳಿದ್ದು ಸ್ವಜನ ಎಂಬ ಸಲಿಗೆಯಿಂದ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ನೇರವಾಗಿ ಉತ್ತರ ಕೊಟ್ಟ. ನಾನು ಬೇರೆ ಕಡೆಯವನು. 'ಆಯ್ತಪ್ಪ, ನಮ್ಮ ಅಣ್ಣನ ಮಗ ಒಬ್ಬ ಬರ್ತೀನಿ ಅಂದಿದಾನೆ, ಫೋನ್ ಮಾಡ್ತೀನಿ' ಅಂದೆ. ನನಗೆ ಅಣ್ಣನೇ ಇಲ್ಲ.

ಅವನು ಏನೂ ಅನ್ನಲಿಲ್ಲ. ನಗುವ ಹಾಗೆ ಮಾಡಿ ಮೆಟ್ಟಿಲಿಳಿದ. ಆ ನಗು ನನಗೆ ಗೊತ್ತು. ಎಷ್ಟೋ ಗೇಟುಗಳಲ್ಲಿ ನಾನೇ ನಕ್ಕ ನಗು ಅದು. ಅಕ್ಕಪಕ್ಕದವರು ಏನಂದಾರು, ಮುಂದೆ ಒಳ್ಳೆ ಬಾಡಿಗೆದಾರರು ಬರಲಿಕ್ಕಿಲ್ಲ ಎಂದೆಲ್ಲ ಒಳಗೆ ಕಾರಣ ಜೋಡಿಸಿಕೊಂಡಿದ್ದೆ. ಬರೋಡಾದಲ್ಲಿ ದೊಣ್ಣೆ ಹಿಡಿದು ಹತ್ತು ಜನ ಬರಬೇಕಾಯಿತು. ನನ್ನ ಮನೆಗೆ ಯಾರೂ ಬರಬೇಕಾಗಿರಲಿಲ್ಲ. ದೊಣ್ಣೆ ನನ್ನೊಳಗೇ ಇತ್ತು. ಮಾಲೀಕ ಆಗುವುದೆಂದರೆ ಬರೀ ಖಾತೆ ಪತ್ರ ಬರುವುದಲ್ಲ. ಆ ಪತ್ರದ ಜೊತೆ ಆ ಪ್ರಶ್ನೆಯೂ ಬರುತ್ತದೆ. ಮಾರನೆಯ ವಾರ ಅವನ ನಂಬರಿಗೆ ಫೋನ್ ಮಾಡಿದೆ. ಬೇರೆ ಕಡೆ ಸಿಕ್ಕಿತು ಸಾರ್, ಅಂದ. ಎಲ್ಲಿ ಎಂದು ಕೇಳುವ ಮುಖ ನನಗಿರಲಿಲ್ಲ.

ಮೀಸಲಾತಿಯಿಂದ ನೌಕರಿ ಹಿಡಿದ ನಮ್ಮ ತಲೆಮಾರಿನ ಅನೇಕರು ಈಗ ಮನೆಗಳ ಮಾಲೀಕರು. ನಮ್ಮ ಹಕ್ಕುಗಳ ಚರಿತ್ರೆಯನ್ನು ಬರೆದಷ್ಟು ಸುಲಭವಾಗಿ ನಮ್ಮ ಬಾಧ್ಯತೆಗಳ ಚರಿತ್ರೆಯನ್ನು ನಾವು ಬರೆಯಲಾರೆವು. ಪೌರಕಾರ್ಮಿಕರಿಗೆ, ಮುಸ್ಲಿಮರಿಗೆ, ಒಂಟಿ ಹೆಣ್ಣಿಗೆ, ಈಶಾನ್ಯದಿಂದ ದುಡಿಯಲು ಬಂದ ಹುಡುಗರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ನಮ್ಮಲ್ಲಿ ಎಷ್ಟು ಜನ ಮನೆ ಕೊಟ್ಟಿದ್ದೇವೆ? ಸಂಘಟನೆಯ ಸಭೆಗಳಲ್ಲಿ ಈ ಪ್ರಶ್ನೆ ಕೇಳಿದರೆ ಸ್ವಲ್ಪ ಹೊತ್ತು ಮೌನ ಇರುತ್ತದೆ. ಆ ಮೌನದಿಂದಲೇ ಕೆಲಸ ಶುರು ಮಾಡಬೇಕು.

ಮಾಡಬಹುದಾದ ಕೆಲಸಗಳಿವೆ. ಬಾಡಿಗೆ ಕಾಯ್ದೆಯಲ್ಲೇ, ಜಾತಿ ಧರ್ಮದ ಕಾರಣಕ್ಕೆ ಮನೆ ನಿರಾಕರಿಸಬಾರದೆಂಬ ಕಲಂ ಸೇರಬೇಕು. ಜಾಹೀರಾತು, ಬೋರ್ಡು, ಬ್ರೋಕರ್ ಇವೂ ಅದರ ವ್ಯಾಪ್ತಿಗೆ ಬರಬೇಕು. ನಾಗರಿಕ ಹಕ್ಕು ಕಾಯ್ದೆಯ 4 ಮತ್ತು 12ನೆಯ ಕಲಂಗಳು ಹಾಸ್ಟೆಲ್ಲಿನ ಪ್ರತಿ ಹುಡುಗ ಹುಡುಗಿಗೂ ಬಾಯಿಪಾಠ ಆಗಬೇಕು. ದೆಹಲಿಯಲ್ಲಿ ಸಂಶೋಧಕರು ಮಾಡಿದ್ದನ್ನು ನಮ್ಮ ಕಾರ್ಯಕರ್ತರು ಹಾಸನದಲ್ಲಿ, ಧಾರವಾಡದಲ್ಲಿ, ಕಲಬುರ್ಗಿಯಲ್ಲಿ ಮಾಡಬಹುದು. ಒಂದೇ ಮನೆಯನ್ನು ಇಬ್ಬರು ಬೇರೆ ಬೇರೆ ಹೆಸರಿನಲ್ಲಿ ಕೇಳಿದರೆ 'ತಂಗಿ ಮಗ' ಹೊರಗೆ ಬಿದ್ದೇ ಬೀಳುತ್ತಾನೆ. ತಾರೀಕು, ಬೀದಿ, ಆಡಿದ ಮಾತು ಇಷ್ಟನ್ನು ಬರೆದಿಟ್ಟರೆ ಸಾಕು, ಅದೇ ನಾಳಿನ ಸಾಕ್ಷಿ. ಇದು ಕಾಗದ ಇಲ್ಲದ ಚರಿತ್ರೆ ಎಂದು ಮೊದಲೇ ಹೇಳಿದೆ. ಕಾಗದ ನಾವೇ ಮಾಡಬೇಕು.

ಓದುಗರಲ್ಲೂ ಒಂದು ಕೋರಿಕೆ. ನಿಮಗೆ ಮನೆ ಸಿಗದ ದಿನವನ್ನು ಬರೆದು ಕಳಿಸಿ. ನೀವು ಮನೆ ಕೊಡದ ದಿನವನ್ನೂ ಬರೆದು ಕಳಿಸಿ. ಎರಡನೆಯದು ಕಷ್ಟ, ನನಗೆ ಗೊತ್ತು. ಅದಕ್ಕೇ ನನ್ನದನ್ನು ಮೊದಲು ಬರೆದಿದ್ದೇನೆ.